ಪಕ್ಕೆಲುಬಿಗೂ ಎರಡು ನ್ಯಾಯವೇ?

ಟಿ.ವಿ.ಯಲ್ಲಿ ವಿದೇಶಿ ಅಡುಗೆ ಸ್ಪರ್ಧೆಗಳನ್ನು ನೋಡುವವರಿಗೆ ಈ ದೃಶ್ಯ ಪರಿಚಿತ. ಬಾಣಸಿಗ ದನದ ಪಕ್ಕೆಲುಬನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾನೆ. ಅದೇ ರಸವನ್ನು ಪಾಕದಂತೆ ಬತ್ತಿಸಿ ಮಾಂಸಕ್ಕೆ ಸವರುತ್ತಾನೆ. ಪಕ್ಕದಲ್ಲಿ ಹಸಿ ತರಕಾರಿಯ ಸಲಾಡ್. ತೀರ್ಪುಗಾರರು ಕಣ್ಣು ಮುಚ್ಚಿ ಸವಿಯುತ್ತಾರೆ. ಸೋಫಾದಲ್ಲಿ ಕುಳಿತ ನಮ್ಮ ಸುಸಂಸ್ಕೃತರೂ ‘ಎಂಥ ಕಲೆ!’ ಎಂದು ತಲೆದೂಗುತ್ತಾರೆ. ಇದೇ ಅಡುಗೆ ನಮ್ಮೂರಿನ ಕೇರಿಯ ಒಲೆಯ ಮೇಲೆ ಬೆಂದರೆ? ಆಗ ಅದು ಕಲೆಯಲ್ಲ, ಕೊಳಕು. ಬಾಡಿಗೆ ಮನೆ ಸಿಗದಿರಲು ಅಷ್ಟೇ ಕಾರಣ ಸಾಕು.

ಈ ಇಬ್ಬಂದಿತನ ಸೋಫಾಕ್ಕೆ ಮಾತ್ರ ಸೀಮಿತವಲ್ಲ. ಎಮ್ಮೆ-ಕೋಣಗಳ ಮಾಂಸವನ್ನು ಹೆಚ್ಚು ರಫ್ತು ಮಾಡುವ ದೇಶಗಳ ಮುಂಚೂಣಿಯಲ್ಲಿ ಭಾರತವಿದೆ. ಆದರೆ ರಫ್ತಿಗೆ ಅನುಮತಿಯಿರುವುದು ಮೂಳೆ ತೆಗೆದ ಮಾಂಸಕ್ಕೆ ಮಾತ್ರ. ಆ ಮಾಂಸ ಹಡಗು ಹತ್ತಿ ಮಲೇಷ್ಯಾಕ್ಕೋ ಈಜಿಪ್ಟಿಗೋ ಹೋದರೆ ಅದು ವಿದೇಶಿ ವಿನಿಮಯ. ಇಲ್ಲೇ ಉಳಿದ ಮೂಳೆಮಾಂಸ ದಲಿತರ, ಮುಸ್ಲಿಮರ, ಕ್ರೈಸ್ತರ ತಟ್ಟೆಗೆ ಬಿದ್ದರೆ ಸಂಸ್ಕೃತಿಗೆ ಅಪಚಾರ! ಡಾಲರಿಗಿಲ್ಲದ ಮಡಿ-ಮೈಲಿಗೆ ಬಡವನ ಪಾತ್ರೆಗೇಕೆ?

ಕರ್ನಾಟಕದ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಕೋಣಗಳ ವಧೆಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತು, ಹೋರಿಗಳನ್ನೂ ನಿಷೇಧದೊಳಗೆ ತಂದಿತು. ಉಳಿಸಿದ್ದು 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಮಾತ್ರ. ತಪ್ಪಿದರೆ 3ರಿಂದ 7 ವರ್ಷ ಜೈಲು. ಮುದಿ ಎತ್ತನ್ನು ಮಾರಲಾಗದ ರೈತ ಅದರ ಮೇವಿನ ಖರ್ಚನ್ನು ಯಾರ ಬಳಿ ಕೇಳಬೇಕು? ವೇದಿಕೆಯ ಗೋಪ್ರೇಮಿಗಳು ಉತ್ತರಿಸಲಿ.

ಮುದಿ ಕೋಣದ ಪಕ್ಕೆಲುಬು ಗಡುಸು. ಅದನ್ನು ಪಳಗಿಸುವ ವಿದ್ಯೆಯನ್ನು ಯಾವ ಸ್ಟಾರ್ ಹೋಟೆಲೂ ಕಲಿಸಿದ್ದಲ್ಲ, ಬಡತನ ಕಲಿಸಿದ್ದು. ಒಂದು ಕಿಲೋ ಪಕ್ಕೆಲುಬಿಗೆ ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಸವರಿ, ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ತಿರುಗಿಸಿ. ಈರುಳ್ಳಿ, ಕರಿಮೆಣಸು, ಅರ್ಧ ಮುಳುಗುವಷ್ಟು ನೀರು ಹಾಕಿ, ಮುಚ್ಚಳ ಬಿಗಿದು ಮೂರು-ನಾಲ್ಕು ಗಂಟೆ ಸಣ್ಣ ಉರಿಯಲ್ಲಿಡಿ. ನೀರು ಬತ್ತಿದರೆ ಸ್ವಲ್ಪ ಬಿಸಿನೀರು ಸೇರಿಸಿ. ಕೊತಕೊತ ಕುದಿಸಿದರೆ ಮಾಂಸ ನಾರಾಗುತ್ತದೆ. ನಿಧಾನಕ್ಕೆ ಬೆಂದರೆ ಎಲುಬಿಗಂಟಿದ ಗಡಸು ಪೊರೆಯೇ ಕರಗಿ ರಸಕ್ಕೆ ಅಂಟು ಕೊಡುತ್ತದೆ. ಮಾಂಸ ತೆಗೆದಿಟ್ಟು, ತೇಲುವ ಕೊಬ್ಬನ್ನು ಬಳಿದು, ರಸಕ್ಕೆ ಹುಣಸೆಹುಳಿ, ಬೆಲ್ಲ ಬೆರೆಸಿ ಬತ್ತಿಸಿ ಮೇಲೆ ಸವರಿ. ಟಿ.ವಿ.ಯಲ್ಲಿ ಕಂಡ ಹೊಳಪು ನಿಮ್ಮ ಪಾತ್ರೆಯಲ್ಲೇ ಇದೆ.

ನಮ್ಮವರಿಗೂ ಒಂದು ಮಾತು. ನಾವೇ ಇದನ್ನು ‘ದೊಡ್ಡದು’ ಎಂದು ಪಿಸುಗುಡುತ್ತೇವೆ. ಅತಿಥಿಯ ಎದುರು ಹೆಸರು ನುಂಗುತ್ತೇವೆ. ಇದು ಹೇಡಿತನವಷ್ಟೇ ಅಲ್ಲ, ತಿನ್ನದವನಿಗೆ ಮಾಡುವ ಮೋಸವೂ ಹೌದು. ಹೆಸರು ಹೇಳಿಯೇ ಬಡಿಸೋಣ. ಸೌತೆಕಾಯಿ, ಕ್ಯಾರೆಟ್, ಟೊಮೆಟೊ, ಈರುಳ್ಳಿಯನ್ನು ಬೇರೆ ಮಣೆಯಲ್ಲಿ, ಬೇರೆ ಚಾಕುವಿನಲ್ಲಿ ಹೆಚ್ಚಿ, ನಿಂಬೆ ಹಿಂಡಿ, ಕೊತ್ತಂಬರಿ ಉದುರಿಸಿ ಬೇರೆ ಬಟ್ಟಲಲ್ಲಿಡೋಣ. ಮಾಂಸ ಬೇಡವೆಂದವನಿಗೆ ಆ ಬಟ್ಟಲನ್ನು ಅನ್ನ-ಸಾರಿನ ಜೊತೆ ಅಷ್ಟೇ ಪ್ರೀತಿಯಿಂದ ಮುಂದಿಡೋಣ. ತಿನ್ನುವ ಹಕ್ಕನ್ನು ಕೇಳುವವರು ತಿನ್ನದಿರುವ ಹಕ್ಕನ್ನೂ ಕಾಯಬೇಕು. ಒಂದೇ ಚಾಪೆಯ ಮೇಲೆ ಎರಡೂ ತಟ್ಟೆಗಳಿಗೆ ಜಾಗವಿದೆ. ಇಲ್ಲವೆನ್ನುವವರು ಹಸಿದವರಂತೂ ಅಲ್ಲ.