ಬಶಿಯ ಬೆನ್ನು ನೋಡಿರಿ



ಸೋಲಾಪುರದ ನಮ್ಮ ಮನೆಯ ಅಟ್ಟದಲ್ಲಿ ಉದ್ದನೆಯ ಪಿಂಗಾಣಿ ಬಶಿಯೊಂದಿತ್ತು. ಬಿಳಿ ಮೈಮೇಲೆ ನೀಲಿ ಹೂಬಳ್ಳಿ. ತೀರ್ಥರೂಪರು ಮುಂಬಯಿಯಿಂದ ತಂದದ್ದು. ಹಬ್ಬದ ದಿನ ಹೋಳಿಗೆ ಅದರಲ್ಲಿಯೇ ಬರುತ್ತಿತ್ತು. ಈ ದೀಪಾವಳಿಗೆ ಅದನ್ನು ಇಳಿಸಿದಾಗ ಸೊಸೆ ತಡೆದಳು. “ಮಾವಾರ, ಇಂಥಾದ್ರಾಗ ಎಲುಬಿನ ಬೂದಿ ಇರತೈತಂತ. ಅಡಿಗಿ ಮನ್ಯಾಗ ಬ್ಯಾಡ್ರಿ.”

ಅವಳ ಮಾತು ಅರ್ಧ ಖರೆ. ಬೋನ್ ಚೈನಾ ಎಂಬ ಜಾತಿಗೆ ದನದ ಎಲುಬು ಸುಟ್ಟ ಬೂದಿ ಬೀಳುತ್ತದೆ, ಹಳೆಯ ಹದದಲ್ಲಿ ಸುಮಾರು ಅರ್ಧದಷ್ಟು. 18ನೆಯ ಶತಮಾನದ ಕೊನೆಗೆ ಇಂಗ್ಲಂಡದ ಸ್ಟೋಕ್ ಊರಲ್ಲಿ ಜೋಸಾಯಾ ಸ್ಪೋಡ್ ಈ ಹದವನ್ನು ಕುದುರಿಸಿದ. ಅರ್ದನ್‌ವೇರ್, ಐರನ್‌ಸ್ಟೋನ್ ಎಂಬ ಬಶಿಗಳು ಮಾತ್ರ ಮಣ್ಣು, ಕಲ್ಲಿನ ಪುಡಿಗಳಿಂದ ಆದವು.

ಗುರುತಿಸುವುದು ಹೇಗೆ? ಮೊದಲು ಬೆನ್ನು ತಿರುವಿ ಮುದ್ರೆ ಓದಿರಿ. ಬರೇ ‘ಇಂಗ್ಲಂಡ್’ ಎಂದಿದ್ದರೆ ಬಹುಶಃ 1891ರ ನಂತರದ್ದು. ‘ಮೇಡ್ ಇನ್ ಇಂಗ್ಲಂಡ್’ ಎಂದರೆ ಸಾಮಾನ್ಯವಾಗಿ 20ನೆಯ ಶತಮಾನದ್ದು. ಮುದ್ರೆ ಅಳಿಸಿದ್ದರೆ ಕತ್ತಲೆಯಲ್ಲಿ ಹಿಂದಿನಿಂದ ಬ್ಯಾಟರಿ ಹಿಡಿಯಿರಿ. ಬೆಳಕು ದಾಟದಿದ್ದರೆ ಮಣ್ಣಿನದೆಂದು ತಿಳಿಯಬಹುದು. ದಾಟಿದರೆ ಪೋರ್ಸೆಲೇನ್ ಇಲ್ಲವೆ ಬೋನ್ ಚೈನಾ. ಹಾಲಿನಂಥ ಬೆಚ್ಚನೆಯ ಬಿಳುಪಿದ್ದರೆ ಬೋನ್ ಚೈನಾದ ಸಂಶಯ ಹೆಚ್ಚು.

ನಮ್ಮ ಬಶಿಯ ಬೆನ್ನಿಗೆ ‘ಐರನ್‌ಸ್ಟೋನ್’ ಎಂದಿತ್ತು. ಬೆಳಕೂ ದಾಟಲಿಲ್ಲ. ಸೊಸೆ ನಕ್ಕಳು.

ತೊಳೆಯುವ ಮೊದಲು ಬೆರಳಿನಿಂದ ಮೆಲ್ಲಗೆ ತಟ್ಟಿರಿ. ಗಂಟೆಯ ನಾದ ಬಂದರೆ ಗಟ್ಟಿ. ಬೋದು ಸಪ್ಪಳವಾದರೆ ಎಲ್ಲಿಯೋ ಸೀಳಿರಬಹುದು. ಸೀಳಿದ್ದನ್ನು ನೀರಲ್ಲಿ ನೆನೆಹಾಕಬೇಡಿರಿ, ಕಲೆ ಒಳಗಿಳಿಯುತ್ತದೆ. ಬುಟ್ಟಿಯ ತಳಕ್ಕೆ ಟಾವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ತುಸು ಸೌಮ್ಯ ಸಾಬೂನು, ಮೆತ್ತನೆಯ ಬಟ್ಟೆ, ಇಷ್ಟೇ ಸಾಕು. ಬೂದಿ, ಹುಣಸೆಹಣ್ಣು, ತಂತಿಯ ಜುಂಗು, ಬ್ಲೀಚಿಂಗ್ ಪುಡಿ ಬೇಡ; ಬಂಗಾರದ ಅಂಚು, ಮೇಲಿನ ಹೊಳಪು ಎರಡೂ ಹೋಗುತ್ತವೆ. ಹಳೆಯ ಹೊಳಪಿನಲ್ಲಿ ಸೀಸ ಇರಬಹುದು. ಆದ್ದರಿಂದ ಉಪ್ಪಿನಕಾಯಿ, ಮೊಸರು, ಲಿಂಬೆಯ ಪದಾರ್ಥ ಅದರಲ್ಲಿ ಇಡಬಾರದು. ನಮ್ಮ ಬಶಿಯಲ್ಲಿ ಈಗ ಹೋಳಿಗೆ ಇಲ್ಲ, ತೆಂಗಿನಕಾಯಿ ಇಡುತ್ತೇವೆ.

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಅದೇ ಕಣ್ಣಿನಿಂದ ನಮ್ಮ ಭಾಂಡೆ ಅಂಗಡಿಯ ಕಪಾಟು ನೋಡಿದೆವು. ನಮ್ಮ ಸಮಾಜದ ಎಷ್ಟೋ ಲಗ್ನಗಳಿಗೆ ನಾವೇ ಕಟ್ಟಿಕೊಟ್ಟ ಚಹಾದ ಸೆಟ್ಟಿನ ಬೆನ್ನಿಗೆ ‘ಫೈನ್ ಬೋನ್ ಚೈನಾ’ ಎಂದು ಸ್ಪಷ್ಟ ಅಕ್ಷರಗಳಿದ್ದವು. ನಾಲ್ವತ್ತು ವರ್ಷ ವ್ಯಾಪಾರ ಮಾಡಿದೆವು, ದರದ ಚೀಟಿ ಓದಿದೆವು, ಬೆನ್ನು ಓದಲಿಲ್ಲ. ಅಟ್ಟದ ಹಳೆಯ ಬಶಿಯ ಮೇಲೆ ಸಂಶಯಪಟ್ಟೆವು, ಕಪಾಟಿನ ಹೊಸದರ ಮೇಲೆ ಪಡಲಿಲ್ಲ. ಈಗ ಆ ಮಾಲು ತರುವುದನ್ನು ಬಿಟ್ಟಿದ್ದೇವೆ. ಒಯ್ದವರಲ್ಲಿ ನೆನಪಾದವರ ಮನೆಗೆ ಹೋಗಿ ಹೇಳಿ, ಕ್ಷಮೆ ಕೇಳಿ ಬರುತ್ತಿದ್ದೇವೆ.

ನೀವೂ ಇಂದೇ ಒಮ್ಮೆ ನಿಮ್ಮ ಮನೆಯ ಬಶಿ, ಕಪ್ಪುಗಳನ್ನು ತಿರುವಿ ನೋಡಿರಿ.