ಹೆಸರು ಮರೆತ ಕಲ್ಲಿಗೆ ಲೆಕ್ಕವಿಲ್ಲ

ನಮ್ಮ ಸಮಾಜದಲ್ಲಿ ಇಂದು ಹಣ ಅತಿ ಸುಲಭವಾಗಿ ಕೂಡಿಬರುವ ಕಾರ್ಯವೆಂದರೆ ಜೀರ್ಣೋದ್ಧಾರ. ವಿದ್ಯಾರ್ಥಿನಿಲಯಕ್ಕಾಗಿ, ತಾಳೆಗರಿಗಳ ರಕ್ಷಣೆಗಾಗಿ ವರ್ಷಗಟ್ಟಲೆ ಕೈಯೊಡ್ಡಿದರೂ ಕೂಡದ ಮೊತ್ತ, ಊರಿನ ಹಳೆಯ ಬಸದಿಯನ್ನು ಬಿಚ್ಚಿ ಅಮೃತಶಿಲೆಯಲ್ಲಿ ಕಟ್ಟುತ್ತೇವೆಂದರೆ ಒಂದೇ ಪಂಚಕಲ್ಯಾಣದ ಸವಾಲಿನಲ್ಲಿ ಕೂಡುತ್ತದೆ. ಆ ಹಣದಲ್ಲಿ ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಪಾಲೂ ಇದೆ. ಜೀರ್ಣವಾದುದನ್ನು ಮೇಲೆತ್ತುವುದು ಎಂಬುದು ಜೀರ್ಣೋದ್ಧಾರ ಶಬ್ದದ ಅರ್ಥ. ನಾವು ಮಾಡುತ್ತಿರುವುದಾದರೋ ಜೀರ್ಣವಾದುದನ್ನು ಹೊರಗೆಸೆಯುವುದು. ಇದಕ್ಕೆ ಹಣದ ಮದವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಕೆಡಹುವ ಮುನ್ನ ಕೈ ಅಳುಕಬೇಕಾದರೆ ಕೆಡಹುತ್ತಿರುವುದು ಏನೆಂದು ತಿಳಿದಿರಬೇಕು. ಆ ತಿಳಿವಳಿಕೆ ಶಬ್ದಗಳಲ್ಲಿದೆ. ಶಬ್ದಗಳನ್ನು ನಾವು ಕಳೆದುಕೊಂಡಿದ್ದೇವೆ.

ಲೆಕ್ಕಪರಿಶೋಧಕನಾಗಿ ನನಗೆ ಇದು ಮೊದಲು ಕಂಡದ್ದು ದಫ್ತರಗಳಲ್ಲಿ. ಧಾರ್ಮಿಕ ಟ್ರಸ್ಟುಗಳ ಆಸ್ತಿಪಟ್ಟಿಯಲ್ಲಿ ಬೆಳ್ಳಿಯ ಕಳಶದ ತೂಕ ಗ್ರಾಂ ಲೆಕ್ಕದಲ್ಲಿರುತ್ತದೆ. ಹವಾನಿಯಂತ್ರಣ ಯಂತ್ರದ ಕ್ರಮಸಂಖ್ಯೆ ಇರುತ್ತದೆ. ಶತಮಾನಗಳ ಶಿಲ್ಪಕ್ಕೆ ಬಂದಾಗ ಮಾತ್ರ ‘ಕಲ್ಲಿನ ಹಳೆಯ ಮೂರ್ತಿ, 7 ನಗ’ ಎಂದೋ, ‘ಕೆತ್ತನೆಯ ಕಲ್ಲು, ಇತರೆ’ ಎಂದೋ ಮುಗಿಯುತ್ತದೆ. ಅದೂ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳ ಕಾನೂನಿನಂತೆ ಚರ ಮತ್ತು ಸ್ಥಿರ ಆಸ್ತಿಗಳ ಪಟ್ಟಿ ಸರಿಯಾಗಿದೆಯೇ ಎಂದು ಲೆಕ್ಕಪರಿಶೋಧಕನು ವರದಿಯಲ್ಲಿ ಹೇಳಲೇಬೇಕು. ಆದರೆ ‘7 ನಗ’ ಎಂಬುದನ್ನು ಹೇಗೆ ತಾಳೆ ನೋಡುವುದು? ಏಳರಲ್ಲಿ ಒಂದನ್ನು ಒಯ್ದು ಬೇರೊಂದನ್ನು ಇಟ್ಟರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಕಳವಾದರೆ ಪೊಲೀಸರಿಗೆ ಕೊಡುವ ದೂರಿನಲ್ಲಿ ಬರೆಯುವುದೇನು? ‘ಕಾಯೋತ್ಸರ್ಗ ಭಂಗಿ, ತಲೆಯ ಮೇಲೆ ಮುಕ್ಕೊಡೆ, ಇಕ್ಕೆಲಗಳಲ್ಲಿ ಚಾಮರಧಾರಿಗಳು, ಪೀಠದಲ್ಲಿ ಲಾಂಛನ, ಕೆಳಗೆ ಎರಡು ಸಾಲಿನ ಶಾಸನ’ ಎಂದು ಬರೆಯಬಲ್ಲವರಿಗೆ ಮೂರ್ತಿ ಮರಳಿ ಸಿಗುವ ಆಸೆ ಇದೆ. ಉಳಿದವರಿಗೆ ಇಲ್ಲ.

‘ಬಸದಿ’ ಎಂಬ ಶಬ್ದವನ್ನೇ ಮೊದಲು ನೋಡೋಣ. ಸಂಸ್ಕೃತದ ‘ವಸತಿ’ಯ ತದ್ಭವವಿದು. ಹೊರನಾಡಿನಲ್ಲಿ ಇದನ್ನು ಆಡಲು ನಾಚುವವರನ್ನು ಕಂಡಿದ್ದೇನೆ. ಆಡುಮಾತಿನ ‘ಬಸ್ತಿ’ ಹಿಂದಿಯ ಕಿವಿಗೆ ಗುಡಿಸಲುಗಳ ಕೇರಿಯಂತೆ ಕೇಳಿಸುತ್ತದೆ. ಆದ್ದರಿಂದ ‘ಮಂದಿರ’ವೇ ಲೇಸು ಎಂಬ ಲೆಕ್ಕಾಚಾರ. ಆದರೆ ಅಬು ಪರ್ವತದಲ್ಲಿ 1031ರಲ್ಲಿ ಎದ್ದ ವಿಮಲ ವಸಹಿಯೂ 1230ರ ಲೂಣ ವಸಹಿಯೂ ಇದೇ ‘ವಸತಿ’ಯ ಮಕ್ಕಳು. ನಮ್ಮ ನೆರೆಯ ಗುಜರಾತಿ, ಮಾರವಾಡಿ ಜೈನರ ‘ವಸಹಿ’ ಮತ್ತು ನಮ್ಮ ‘ಬಸದಿ’ ಒಂದೇ ಬೇರಿನವು. ರಾಣಕಪುರದ 1439ರ ಚೌಮುಖ ಮತ್ತು ಕಾರ್ಕಳದ 1586ರ ಚತುರ್ಮುಖ ಬಸದಿ ಕೂಡ ಒಂದೇ ಕಲ್ಪನೆಯ ಎರಡು ರೂಪ: ಸಮವಸರಣದಲ್ಲಿ ಜಿನನು ನಾಲ್ಕು ದಿಕ್ಕಿಗೂ ಸಮ್ಮುಖನು ಎಂಬುದು ಆ ಕಲ್ಪನೆ. ಮಥುರೆಯ ಕುಷಾಣರ ಕಾಲದ ಶಾಸನಗಳು ಇಂತಹ ನಾಲ್ಮೊಗದ ಬಿಂಬವನ್ನು ‘ಸರ್ವತೋಭದ್ರಿಕಾ ಪ್ರತಿಮೆ’ ಎಂದೇ ಕರೆದಿವೆ. ದಿಗಂಬರ ಶ್ವೇತಾಂಬರರ ನಡುವೆ ನ್ಯಾಯಾಲಯದ ಕಟಕಟೆಯಲ್ಲಿ ಕಾಣದ ಐಕ್ಯವು ಈ ಮೂರು ಶಬ್ದಗಳಲ್ಲಿ ಕಾಣುತ್ತದೆ.

ಇನ್ನು ಬಸದಿಯೊಳಗೆ ಬನ್ನಿ. ಕಟ್ಟಡ ನಿಂತಿರುವ ಮಟ್ಟಸಗಳ ಪೀಠ ಅಧಿಷ್ಠಾನ. ನಾಲ್ಕು ನಡುಗಂಬಗಳಿಂದ ಒಂಬತ್ತು ಅಂಕಣಗಳಾದ ಮಂಟಪ ನವರಂಗ. ಅದನ್ನೂ ಗರ್ಭಗೃಹವನ್ನೂ ಬೆಸೆಯುವ ಕಿರುಕೋಣೆಯನ್ನು ಕನ್ನಡದಲ್ಲಿ ಸುಕನಾಸಿ ಎನ್ನುತ್ತೇವೆ. ಬಾಗಿಲವಾಡದ ಮೇಲಡ್ಡದ ನಡುವಿನ ಬಿಂಬ ಲಲಾಟಬಿಂಬ. ಗುಡಿ ಯಾರದೆಂದು ತಿಳಿಸುವ ಗುರುತುಗಳಲ್ಲಿ ಇದು ಮುಖ್ಯ. ಅಲ್ಲಿ ಜಿನಬಿಂಬವಿದ್ದರೆ ಅದೊಂದು ಗಟ್ಟಿ ಸಾಕ್ಷಿ. ಗಜಲಕ್ಷ್ಮಿಯಿದ್ದರೆ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ, ಅವಳು ಎಲ್ಲರ ಬಾಗಿಲಲ್ಲಿಯೂ ಇದ್ದಾಳೆ. ಬೆಳಕನ್ನು ಸೋಸಿ ಒಳಬಿಡುವ ಕಲ್ಲಿನ ಜಾಲರಿ ಜಾಲಂಧ್ರ. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯೇ ಕೆತ್ತಿದೆ; ಕೆತ್ತಿದ ದಾಸೋಜನ ಹೆಸರೂ ಅಲ್ಲಿದೆ. ಊರಿನ ಚಿಕ್ಕ ಬಸದಿಯೊಂದರಲ್ಲಿ ಇಂತಹ ಜಾಲರಿ ಇದ್ದರೆ ನಮ್ಮ ಸಮಿತಿಗಳು ಅದನ್ನು ಏನೆಂದು ಕರೆಯುತ್ತವೆ? ‘ಗಾಳಿ ಬಾರದ ಕಿಟಕಿ’. ಕಿಟಕಿಯೆಂದಾದ ಮೇಲೆ ತೆಗೆದು ಗಾಜು ಕೂರಿಸುವುದು ತಪ್ಪೆನಿಸುವುದಿಲ್ಲ. ಹೆಸರು ಇಳಿದಾಗ ವಸ್ತುವಿನ ಬೆಲೆಯೂ ಇಳಿಯುತ್ತದೆ. ನನ್ನ ವೃತ್ತಿಯಲ್ಲಿ ಇದನ್ನು ಅಪಮೌಲ್ಯವೆನ್ನುತ್ತಾರೆ.

ಶಿಖರದ ಮಾತೂ ಹೀಗೆಯೇ. ನಾಗರ ಉತ್ತರದ್ದು, ದ್ರಾವಿಡ ದಕ್ಷಿಣದ್ದು, ವೇಸರ ಎರಡರ ಬೆರಕೆ ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಮಕ್ಕಳು ಉರುಹೊಡೆಯುತ್ತಾರೆ. ದಕ್ಷಿಣದ ಶಿಲ್ಪಶಾಸ್ತ್ರಗಳು ಇವೇ ಶಬ್ದಗಳನ್ನು ಶಿಖರದ ಆಕಾರಕ್ಕೂ ಬಳಸುತ್ತವೆ: ಚೌಕವಾದರೆ ನಾಗರ, ಎಂಟು ಮೂಲೆಯಾದರೆ ದ್ರಾವಿಡ, ದುಂಡಾದರೆ ವೇಸರ. ಮಂಡ್ಯ ಜಿಲ್ಲೆಯ ಕಂಬದಹಳ್ಳಿಯ ಪಂಚಕೂಟ ಬಸದಿಯಲ್ಲಿ ಗಂಗರ ಕಾಲದ ಶಿಲ್ಪಿಗಳು ಈ ಮೂರೂ ಆಕಾರಗಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಪಾಠವನ್ನು ಕಲ್ಲಿನಲ್ಲಿಯೇ ಬರೆದಿಟ್ಟ ಆ ಬಸದಿಯನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಬೆಳಗೊಳದ ಯಾತ್ರೆಯ ಬಸ್ಸು ಅಲ್ಲಿ ನಿಲ್ಲುವುದು ಅಪರೂಪ. ಮೂಡುಬಿದಿರೆಯ 1430ರ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಇಳಿಜಾರು ಮಾಡು ಬಂದದ್ದು ಕರಾವಳಿಯ ಮಳೆಯ ವಿವೇಕದಿಂದ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ಮರಳುಗಲ್ಲಿನಿಂದ ಬಳಪದ ಕಲ್ಲಿಗೆ ಹೊರಳಿದ ಮೊದಮೊದಲ ಕಟ್ಟಡಗಳಲ್ಲಿ ಒಂದು. ಒಂದೊಂದು ನೆಲಕ್ಕೆ ಒಂದೊಂದು ಕಲ್ಲು, ಒಂದೊಂದು ಮಾಡು. ಇಂದು ಎಲ್ಲ ಊರಿಗೂ ಒಂದೇ ಬಿಳಿಯ ಕಲ್ಲು, ಒಂದೇ ನಕ್ಷೆ, ಒಂದೇ ಗುತ್ತಿಗೆದಾರ.

ಈಗ ಕಂಬಗಳ ವಿಚಾರ. ಬಸದಿಯ ಮುಂದಿನ ಎಲ್ಲ ಕಂಬವೂ ಮಾನಸ್ತಂಭವಲ್ಲ. ತುದಿಯ ಮಂಟಪದಲ್ಲಿ ನಾಲ್ಕು ದಿಕ್ಕಿಗೆ ಜಿನಬಿಂಬಗಳಿದ್ದರೆ ಅದು ಮಾನಸ್ತಂಭ. ಯಕ್ಷನಾದ ಬ್ರಹ್ಮದೇವನು ಕುಳಿತಿದ್ದರೆ ಬ್ರಹ್ಮದೇವ ಕಂಬ. ಮಾನಸ್ತಂಭವೆಂದರೆ ಮಾನಕಷಾಯವನ್ನು, ಎಂದರೆ ಅಹಂಕಾರವನ್ನು, ತಡೆದು ನಿಲ್ಲಿಸುವ ಕಂಬ. ಸಮವಸರಣದ ಮುಂದೆ ಇದನ್ನು ಕಂಡೊಡನೆ ಇಂದ್ರಭೂತಿ ಗೌತಮನ ಗರ್ವ ಇಳಿಯಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ಆ ಕಂಬದ ಬುಡದಲ್ಲಿ ಇಂದು ಕಾಣುವುದೇನು? ದಾನಿಗಳ ಹೆಸರು, ಅವರ ತಂದೆಯ ಹೆಸರು, ಅವರ ಕಂಪನಿಯ ಹೆಸರು. ಶಬ್ದದ ಅರ್ಥ ತಿಳಿದವನು ಹಾಗೆ ಬರೆಸಲಾರ.

ಈ ರೋಗ ಹೊಸದಲ್ಲ. ಬೆಳಗೊಳದ ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವ ಕಂಬದ ಮೇಲೆ ಚಾವುಂಡರಾಯನ ಶಾಸನವಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ತಾನು ಯಕ್ಷನನ್ನು ಮಾಡಿಸಿದೆನೆಂದು ಎರಡು ಮೂರು ಸಾಲು ಬರೆಸಲು ಅದರ ಮೂರು ಮೈಗಳನ್ನು ಅಳಿಸಿಬಿಟ್ಟನೆಂದು ಶಾಸನತಜ್ಞರ ಅಭಿಪ್ರಾಯ. ಗೊಮ್ಮಟನನ್ನು ಮಾಡಿಸಿದವನ ಸ್ವಂತ ಮಾತು ಹಾಗೆ ಹೋಯಿತು. ಹೆಗ್ಗಡೆ ಕಣ್ಣನಿಗೂ ತಾನು ಧರ್ಮಕಾರ್ಯ ಮಾಡುತ್ತಿದ್ದೇನೆಂಬ ನಂಬಿಕೆಯೇ ಇದ್ದಿರಬೇಕು. ನಮ್ಮ ಸಮಿತಿಗಳಿಗೂ ಅದೇ ನಂಬಿಕೆ.

ನಾವು ಶಬ್ದಗಳನ್ನು ಬಿಟ್ಟುಕೊಟ್ಟಾಗ ಅವು ಬೇರೆಯವರ ಖಾತೆಗೆ ಜಮೆಯಾಗುತ್ತವೆ. ಸ್ತೂಪ, ಚೈತ್ಯ, ವಿಹಾರ ಎಂದೊಡನೆ ಬೌದ್ಧರೆಂದು ಶಾಲೆಯ ಮಕ್ಕಳು ಹೇಳುತ್ತಾರೆ. ಮಥುರೆಯ ಕಂಕಾಲಿ ದಿಬ್ಬದಲ್ಲಿ ಅಗೆದಾಗ ದೊರೆತದ್ದು ಜೈನ ಸ್ತೂಪ. ಅಲ್ಲಿಯ ಆಯಾಗಪಟಗಳು, ಎಂದರೆ ಪೂಜೆಗೆ ಅರ್ಪಿಸಿದ ಕಲ್ಲಿನ ಫಲಕಗಳು, ಭಾರತದ ಪ್ರಾಚೀನ ಶಿಲ್ಪದ ಹೆಮ್ಮೆಗಳಲ್ಲಿ ಸೇರಿವೆ. ಎಲ್ಲೋರದ 32ನೆಯ ಗುಹೆ ಇಂದಿಗೂ ‘ಇಂದ್ರಸಭೆ’. ಆನೆಯ ಮೇಲೆ ಕುಳಿತ ಯಕ್ಷನನ್ನು ಇಂದ್ರನೆಂದೂ ಯಕ್ಷಿ ಅಂಬಿಕೆಯನ್ನು ಇಂದ್ರಾಣಿಯೆಂದೂ ತಪ್ಪಾಗಿ ಗುರುತಿಸಿದ್ದರಿಂದ ಬಂದ ಹೆಸರದು. ಪುಣೆ, ಮುಂಬೈಗಳಿಂದ ಅಲ್ಲಿಗೆ ಹೋಗುವ ನಮ್ಮವರೂ ಇಂದ್ರನಿಗೆ ಕೈಮುಗಿದು ಬರುತ್ತಾರೆ.

ಇದರ ಮತ್ತೊಂದು ತುದಿಯನ್ನೂ ಖಂಡಿಸಬೇಕು. ಕಂಡ ಗುಡಿಯೆಲ್ಲ ಮೂಲತಃ ನಮ್ಮದೇ ಎಂದು ವಾಟ್ಸ್ಯಾಪಿನಲ್ಲಿ ಘೋಷಿಸುವ ವೀರರು ನಮ್ಮಲ್ಲಿಯೂ ಹೆಚ್ಚುತ್ತಿದ್ದಾರೆ. ಕಟ್ಟಡಗಳನ್ನು ಮತದ ಹೆಸರಿನಲ್ಲಿ ಶೈಲಿಗಳಾಗಿ ವಿಂಗಡಿಸಿ ‘ಜೈನ ವಾಸ್ತು’ ಎಂಬ ಬೇರೆಯ ಖಾತೆ ತೆರೆದವನು 1876ರಲ್ಲಿ ಗ್ರಂಥ ಪ್ರಕಟಿಸಿದ ಜೇಮ್ಸ್ ಫರ್ಗುಸನ್. ಚಾಲುಕ್ಯ, ಹೊಯ್ಸಳ ನಾಡಿನಲ್ಲಿ ಬಸದಿಗೂ ಶಿವಾಲಯಕ್ಕೂ ಇದ್ದದ್ದು ಒಂದೇ ವಾಸ್ತುಪರಂಪರೆ, ಒಂದೇ ಬಗೆಯ ಅಧಿಷ್ಠಾನ, ಒಂದೇ ನವರಂಗ. ಹಳೇಬೀಡಿನಲ್ಲಿ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಮಾಡಿಸಿದ ಪಾರ್ಶ್ವನಾಥ ಬಸದಿಯ ನುಣುಪುಗಂಬಗಳಂತಹವು ಆ ಕಾಲದ ಶಿವಾಲಯಗಳಲ್ಲಿಯೂ ಇವೆ. ಬೇರೆಯಾಗಿದ್ದದ್ದು ಬಿಂಬ, ಲಾಂಛನ, ಮುಕ್ಕೊಡೆ, ಮಾನಸ್ತಂಭ, ಸಲ್ಲೇಖನದ ನಿಷಿಧಿಗಲ್ಲು. ಇವುಗಳನ್ನು ಓದಬಲ್ಲವನು ಸುಳ್ಳು ಹಕ್ಕನ್ನು ಮಂಡಿಸುವುದಿಲ್ಲ, ನಿಜವಾದ ಹಕ್ಕನ್ನು ಬಿಡುವುದೂ ಇಲ್ಲ. ಗುಡಿಗಳ ಇತಿಹಾಸವನ್ನು ಮತಪೆಟ್ಟಿಗೆಗೆ ಎಳೆಯುತ್ತಿರುವ ಈ ಕಾಲದಲ್ಲಿ ಅಲ್ಪಸಂಖ್ಯಾತ ಸಮಾಜಕ್ಕೆ ಗದ್ದಲ ರಕ್ಷೆಯಲ್ಲ, ದಾಖಲೆಯೇ ರಕ್ಷೆ.

ಆಕ್ಷೇಪಗಳು ನನಗೆ ಗೊತ್ತು. ಬಸದಿಯೇನು ವಸ್ತುಸಂಗ್ರಹಾಲಯವೇ, ಅಲ್ಲಿ ಪೂಜೆ ನಡೆಯಬೇಡವೇ ಎಂದು ಕೇಳುತ್ತಾರೆ. ನಡೆಯಲಿ. ಸೋರುವ ಮಾಡನ್ನು ಸರಿಪಡಿಸಲು, ಬಿರುಕಿಗೆ ಗಾರೆ ತುಂಬಲು ಯಾರ ವಿರೋಧವೂ ಇಲ್ಲ. ಭಗ್ನಬಿಂಬ ಪೂಜೆಗೆ ಸಲ್ಲದು ಎನ್ನುತ್ತಾರೆ. ಒಪ್ಪಿದೆ, ಆದರೆ ಪೂಜೆಗೆ ಸಲ್ಲದ್ದು ಕಾಪಿಡಲೂ ಸಲ್ಲದೆಂದು ಯಾವ ಆಚಾರ್ಯರು ಹೇಳಿದ್ದಾರೆ? ಸರ್ಕಾರದ ಪುರಾತತ್ತ್ವ ಇಲಾಖೆ ಇದೆಯಲ್ಲ ಎಂಬುದು ಕೊನೆಯ ಮಾತು. 1958ರ ಸ್ಮಾರಕ ಕಾಯ್ದೆಯ ರಕ್ಷೆ ದೊರೆಯುವುದು ರಕ್ಷಿತವೆಂದು ಘೋಷಿತವಾದ ಕಟ್ಟಡಗಳಿಗೆ ಮಾತ್ರ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ ಪುರಾವಸ್ತು. ಆದರೂ ಅದನ್ನು ನೋಂದಾಯಿಸಲು ವಿವರ ಬೇಕು, ಚಿತ್ರ ಬೇಕು. ಆ ವಿವರ ಬರೆಯುವ ಶಬ್ದ ನಮ್ಮಲ್ಲಿರಬೇಕು. ಪಟ್ಟಿಯಲ್ಲಿಲ್ಲದ ಬಸದಿಗೆ ಕೊನೆಯ ಕಾವಲುಗಾರ ಆ ಊರಿನ ಸಮಿತಿ. ಸಮಿತಿಗೆ ಲಗಾಮು ಹಣ ಕೊಡುವ ನಾವು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ಜೀರ್ಣೋದ್ಧಾರದ ರಸೀದಿ ಪುಸ್ತಕ ಮನೆಗೆ ಬಂದಾಗ ಮೊದಲು ಪಟ್ಟಿಯನ್ನು ಕೇಳಿ: ಪ್ರತಿಯೊಂದು ಬಿಂಬ, ಕಂಬ, ಬಾಗಿಲವಾಡ, ಶಾಸನ, ನಿಷಿಧಿಗಳ ಸರಿಯಾದ ಹೆಸರು, ಅಳತೆ, ಛಾಯಾಚಿತ್ರ ಇರುವ ಪಟ್ಟಿ, ಮಹಾಸಭೆಯಲ್ಲಿ ಓದಿ ಒಪ್ಪಿದ ಪಟ್ಟಿ. ಅದಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ ವೃತ್ತಿಬಾಂಧವರು ವರ್ಷಕ್ಕೆ ಎರಡು ದಿನವನ್ನು ತಮ್ಮ ಊರಿನ ಬಸದಿಯ ಪಟ್ಟಿಗೆ ಉಚಿತವಾಗಿ ಕೊಡಲಿ. ‘7 ನಗ’ ಎಂದಿರುವ ರಿಜಿಸ್ಟರಿಗೆ ಸಹಿ ಹಾಕದಿರಲಿ. ಹೊರನಾಡಿನ ನಮ್ಮ ರವಿವಾರದ ಪಾಠಶಾಲೆಗಳಲ್ಲಿ ಮಕ್ಕಳಿಗೆ ಸ್ತೋತ್ರದೊಡನೆ ಈ ಐವತ್ತು ಶಬ್ದಗಳನ್ನೂ ಕಲಿಸಲಿ, ಬೇಸಿಗೆಯಲ್ಲಿ ಊರಿಗೆ ಹೋದಾಗ ಅವುಗಳನ್ನು ಕಲ್ಲಿನಲ್ಲಿ ಗುರುತಿಸುವ ಅಭ್ಯಾಸ ಮಾಡಿಸಲಿ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿಯು ತಾನು ಕಟ್ಟಿಸಿದ ಜಿನಾಲಯದ ಕಾಲವನ್ನೂ ತನ್ನ ಹೆಸರನ್ನೂ ತಪ್ಪದೆ ಬರೆಸಿಟ್ಟನು. ಆ ಬರಹದಿಂದಲೇ ಇಂದು ಇತಿಹಾಸಕಾರರು ಪುಲಕೇಶಿಯ ಚರಿತ್ರೆಯನ್ನು ಬರೆಯುತ್ತಾರೆ. ಬರೆದಿಟ್ಟವರ ವಂಶದವರು ನಾವು. ‘ಇತರೆ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮಗೆ ಶೋಭಿಸದು.