ಕಾಯಂ ಕೆಲಸಕ್ಕೆ ತಾತ್ಕಾಲಿಕ ಕೈಗಳೇಕೆ?



ಬಿ.ಕಾಂ. ಅಥವಾ ಬಿ.ಸಿ.ಎ. ಮುಗಿಸಿದ ಮಗನಿಗೋ ಮಗಳಿಗೋ ಸರ್ಕಾರಿ ಆಸ್ಪತ್ರೆಯಲ್ಲಿ ಡಾಟಾ ಎಂಟ್ರಿ ಆಪರೇಟರ್ ಕೆಲಸವಿದೆ ಎಂಬ ಸುದ್ದಿ ಬಂದರೆ ನಮ್ಮ ಮನೆಗಳಲ್ಲಿ ಸಂಭ್ರಮ. ಊರಿಗೆ ಹತ್ತಿರದ ಕೆಲಸ, ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಮೇಲಾಗಿ ಸರ್ಕಾರದ ಹೆಸರು. ಅಂಕಪಟ್ಟಿ, ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರ, ಆಧಾರ್ ನಕಲು ಎಲ್ಲವೂ ಕ್ಷಣದಲ್ಲಿ ಸಿದ್ಧವಾಗುತ್ತವೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ಅರ್ಜಿಯನ್ನು ನಾವು ಸಲ್ಲಿಸುತ್ತಿರುವುದು ಯಾರಿಗೆ?

ಇಂದು ಇಂಥ ಅನೇಕ ಕೆಲಸಗಳ ಅರ್ಜಿ ತಲುಪುವುದು ಸರ್ಕಾರಕ್ಕಲ್ಲ, ಟೆಂಡರ್ ಪಡೆದು ಸಿಬ್ಬಂದಿಯನ್ನು ಒದಗಿಸುವ ಖಾಸಗಿ ಏಜೆನ್ಸಿಗೆ. ಕೆಲಸ ಆಸ್ಪತ್ರೆಯದು, ಆಜ್ಞೆ ವೈದ್ಯಾಧಿಕಾರಿಯದು, ಸಂಬಳದ ಹಣ ಜನರ ತೆರಿಗೆಯದು. ನೌಕರ ಮಾತ್ರ ಏಜೆನ್ಸಿಯವನು! ಟೆಂಡರ್ ಬದಲಾದ ದಿನ ಅವನ ಸೇವೆಯ ಲೆಕ್ಕವೂ ಮತ್ತೆ ಒಂದರಿಂದ ಆರಂಭ. ಇದಕ್ಕೆ ಹೊರಗುತ್ತಿಗೆ ಎಂಬ ಸಭ್ಯವಾದ ಹೆಸರಿದೆ. ಇದು ಅನ್ಯಾಯವೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.

ಆ ಕೆಲಸವೇನು ತಾತ್ಕಾಲಿಕವೇ? ಆಸ್ಪತ್ರೆ ಇರುವವರೆಗೂ ಹೊರರೋಗಿ ಚೀಟಿ ಬರೆಯಬೇಕು, ಔಷಧಿಯ ದಾಸ್ತಾನು ದಾಖಲಿಸಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಆದರೆ ಕಾರ್ಡಿನಲ್ಲಿ ಹೆಸರು ತಪ್ಪಾಗಿ ನಮೂದಾದರೆ ಬಡರೋಗಿ ಕೌಂಟರಿನಿಂದ ಕೌಂಟರಿಗೆ ಅಲೆಯಬೇಕಾಗುತ್ತದೆ. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದ ಮೇಲಂತೂ ದಾಖಲೆಯ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಚಿಕಿತ್ಸೆಯ ಮೊದಲ ಬಾಗಿಲು ಆ ಕಂಪ್ಯೂಟರಿನ ಮುಂದೆಯೇ ತೆರೆಯುತ್ತದೆ. ಆ ಬಾಗಿಲನ್ನು ಕಾಯುವವನಿಗೇ ನಾಳೆಯ ಭರವಸೆಯಿಲ್ಲವೆಂದರೆ ಏನು ಹೇಳೋಣ?

ಕೇಳಿದರೆ ಅಧಿಕಾರಿಗಳು ನ್ಯಾಯಾಲಯದ ಕಡೆ ಬೆರಳು ತೋರಿಸುತ್ತಾರೆ. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ತೀರ್ಪಿತ್ತು, ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕು ತಾನಾಗಿಯೇ ಬರುವುದಿಲ್ಲ ಎಂದಿತು. ನಿಜ. ಆದರೆ ಅದೇ ತೀರ್ಪು, ಮಂಜೂರಾದ ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಬೇಕೆಂದೂ ಆ ಪ್ರಕ್ರಿಯೆಯನ್ನು ಆರು ತಿಂಗಳೊಳಗೆ ಆರಂಭಿಸಬೇಕೆಂದೂ ಹೇಳಿತ್ತು. ಸರ್ಕಾರಗಳು ಮೊದಲರ್ಧವನ್ನು ಕಂಠಪಾಠ ಮಾಡಿದವು, ಉತ್ತರಾರ್ಧವನ್ನು ಮರೆತವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಜಗ್ಗೋ ಪ್ರಕರಣದಲ್ಲಿ, ದೀರ್ಘಕಾಲ ಅಗತ್ಯ ಸೇವೆ ಸಲ್ಲಿಸಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸುವುದು ಸಲ್ಲದೆಂದು ಎಚ್ಚರಿಸಿತು.

“ಸರ್ಕಾರದಲ್ಲಿ ಹಣವೆಲ್ಲಿದೆ?” ಎನ್ನುವವರಿದ್ದಾರೆ. ಏಜೆನ್ಸಿಗೆ ಸೇವಾಶುಲ್ಕ ಕೊಡಲು ಹಣವಿದೆಯಲ್ಲ! ದುರ್ಬಲನ ನಾಳೆಯನ್ನು ಕತ್ತರಿಸಿ ಮಾಡುವ ಉಳಿತಾಯವು ಉಳಿತಾಯವಲ್ಲ. “ಏನೂ ಇಲ್ಲದುದಕ್ಕಿಂತ ಇದಾದರೂ ಸಿಕ್ಕಿತಲ್ಲ” ಎನ್ನುವ ತಂದೆತಾಯಿಗಳನ್ನು ನಾನು ದೂಷಿಸಲಾರೆ. ಮನೆಯ ಒಲೆ ಉರಿಯಲೇಬೇಕು. ಆದರೆ ಕಣ್ಣು ಮುಚ್ಚಿಕೊಂಡು ಸೇರುವುದು ಬೇರೆ, ತಿಳಿದು ಸೇರುವುದು ಬೇರೆ.

ತಿಳಿಯಬೇಕಾದುದೇನು? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರನಿಗೆ ನೇಮಕಾತಿ ಪತ್ರ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ಭವಿಷ್ಯ ನಿಧಿಯಲ್ಲಿ ಮಾಲೀಕನ ಪಾಲನ್ನು ನೌಕರನ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಭವಿಷ್ಯ ನಿಧಿಯ ಖಾತೆ ಸಂಖ್ಯೆಯನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆಯಿರಿ, ಹಣ ಜಮೆಯಾಗುತ್ತಿದೆಯೇ ಎಂದು ಪಾಸ್‌ಪುಸ್ತಕದಲ್ಲಿ ನೋಡಿ. ಕೇಳುವುದು ಅವಿಧೇಯತೆಯಲ್ಲ.

ಇನ್ನೊಂದು ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ನಡುವೆ ನಿಂತು “ಇಷ್ಟು ಕೊಟ್ಟರೆ ಕೆಲಸ ಖಚಿತ” ಎನ್ನುವ ದಲ್ಲಾಳಿಗೆ ಮಗಳ ಬಳೆ ಅಡವಿಟ್ಟು ಹಣ ತೆರುವ ಕುಟುಂಬ, ಇನ್ನೊಬ್ಬ ಅರ್ಹ ಬಡವನ ಅನ್ನವನ್ನೂ ಕಸಿಯುತ್ತದೆ. ಹಣ ತೆತ್ತು ಒಳಹೊಕ್ಕವನು ನಾಳೆ ನ್ಯಾಯ ಕೇಳಲು ಬಾಯಿ ತೆರೆಯಲಾರ. ಅನ್ಯಾಯಕ್ಕೆ ಬೇಕಾಗಿರುವುದೂ ಆ ಮೌನವೇ. ಅದರ ಬದಲು, ಸಿಕ್ಕ ಕೆಲಸ ಮಾಡುತ್ತಲೇ ಮಕ್ಕಳು ದ್ವಿತೀಯ ದರ್ಜೆ ಸಹಾಯಕರ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲಿ. ಅದಕ್ಕೆ ಪಿ.ಯು.ಸಿ. ವಿದ್ಯಾರ್ಹತೆ ಸಾಕು. ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳು ಸಂಜೆ ಖಾಲಿಯಿರುತ್ತವೆ; ಅಲ್ಲಿ ಒಟ್ಟಿಗೆ ಕುಳಿತು ಓದಲು ಯಾರ ಅಪ್ಪಣೆ ಬೇಕು?

ಓದುಗರೇ, ಗೊಣಗುವುದರಿಂದ ಹುದ್ದೆಗಳು ಹುಟ್ಟುವುದಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ಗುಮಾಸ್ತರ ಹುದ್ದೆಗಳೆಷ್ಟು, ಖಾಲಿಯಿರುವುವೆಷ್ಟು, ಎಂದಿನಿಂದ ಖಾಲಿಯಿವೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನೂ ಕೇಳಬಹುದು. ಬಂದ ಉತ್ತರವನ್ನು ಹಿಡಿದು ಶಾಸಕರ ಮುಂದೆ ನಿಲ್ಲಬಹುದು. ಮಕ್ಕಳು ಕೆಲಸಕ್ಕೆ ಅರ್ಜಿ ಹಾಕಲಿ. ಹಿರಿಯರಾದ ನಾವು ಮಾಹಿತಿಗೆ ಅರ್ಜಿ ಹಾಕೋಣ.